ಬಲಗಡೆಯ ಹೊಟ್ಟೆನೋವಿಗೆ ಕಾರಣ ಸಿಕ್ಕಿದ ಬಗೆ

ಹೆಂಗಸಿನ ಹೊಟ್ಟೆನೋವಿಗೆ ನಮ್ಮ ಮಲೆನಾಡಿನ ಮನೆಗಳಲ್ಲಿ ಹೆಸರು ಮೊದಲೇ ಸಿದ್ಧವಾಗಿರುತ್ತದೆ. ಮುಟ್ಟಿನ ದಿನ ಹತ್ತಿರವಿದ್ದರೆ ಅದು ಮುಟ್ಟಿನ ನೋವು, ಊಟದ ಹೊತ್ತು ಮೀರಿದ್ದರೆ ಗ್ಯಾಸ್ಟ್ರಿಕ್, ಭಾರ ಎತ್ತಿದ್ದರೆ ಬಟ್ಟಿ ಜಾರಿದ್ದು, ಇವು ಯಾವುದೂ ಹೊಂದದಿದ್ದರೆ ಉಷ್ಣ. ಕಳೆದ ಅಡಿಕೆ ಕೊಯ್ಲಿನ ಕಾಲದಲ್ಲಿ ನನಗೆ ಬಂದ ನೋವಿಗೆ ಈ ನಾಲ್ಕು ಹೆಸರುಗಳೂ ಒಂದೇ ರಾತ್ರಿಯಲ್ಲಿ ಸಂದವು. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಇಬ್ಬರು ಮಕ್ಕಳಿದ್ದಾರೆ, ಎರಡನೆಯ ಹೆರಿಗೆಯ ನಂತರ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಗಿದೆ. ಈ ಕಡೆಯ ವಿವರ ಮುಂದಿನ ಕಥನಕ್ಕೆ ಮುಖ್ಯವಾದದ್ದರಿಂದ ಮೊದಲೇ ಹೇಳಿದ್ದೇನೆ.

ಸಂಜೆ ಶಾಲೆಯಿಂದ ಬಂದು, ಸುಲಿದ ಅಡಿಕೆಯ ಬುಟ್ಟಿಯನ್ನು ಹಂಡೆಯ ಬಳಿಗೆ ಎತ್ತಿಕೊಡುತ್ತಿದ್ದಾಗ ಬಲ ಕಿಬ್ಬೊಟ್ಟೆಯಲ್ಲಿ ಒಮ್ಮೆಲೇ ಇರಿದ ಹಾಗಾಯಿತು. ನೋವು ಯಾವ ಗಳಿಗೆಯಲ್ಲಿ ಶುರುವಾಯಿತೆಂದು ನಾನು ಬೆರಳಿಟ್ಟು ತೋರಿಸಬಲ್ಲೆ. ಅದರ ಬೆನ್ನಿಗೇ ವಾಂತಿಯಾಯಿತು. ಅತ್ತೆಯವರು ಓಮದ ಕಷಾಯ ಕಾಯಿಸಿ ಕೊಟ್ಟರು, ಹೊಕ್ಕುಳ ಸುತ್ತ ಹಿಂಗು ತೇಯ್ದು ಹಚ್ಚಿದರು. ಮೇಲಿನ ಮನೆಯ ಅಜ್ಜಿ ಬಂದು, "ಬಟ್ಟಿ ಜಾರಿದೆ ಕಣೇ, ಎಣ್ಣೆ ಹಚ್ಚಿ ನೀವಿದರೆ ಕೂತ್ಕೊಳ್ಳುತ್ತೆ" ಎಂದು ಕೈ ಚಾಚಿದರು. ಮುಟ್ಟಿದರೆ ಸಹಿಸಲಾರೆನೆಂದು ನಾನೇ ಬೇಡವೆಂದೆ. ಕಾರಣ ಗೊತ್ತಾಗದ ಹೊಟ್ಟೆನೋವಿನಲ್ಲಿ ಹೊಟ್ಟೆಯನ್ನು ಒತ್ತಿ ನೀವಬಾರದೆಂದು ವೈದ್ಯರು ಆಮೇಲೆ ಹೇಳಿದರು. ಒಳಗೆ ಬಾತ ಅಪೆಂಡಿಕ್ಸ್ ಇದ್ದರೂ ನೀರುಗಡ್ಡೆ ಇದ್ದರೂ ಅದು ಒಡೆಯುವ ಅಪಾಯವಿರುತ್ತದೆಯಂತೆ.

ಮರುದಿನ ಬೆಳಿಗ್ಗೆ ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ಕಿಗೆಂದು ಒಂದು ಇಂಜೆಕ್ಷನ್ ಕೊಟ್ಟು ಕಳುಹಿಸಿದರು. ಅಲ್ಲಿ ನನ್ನ ಹೊಟ್ಟೆಯನ್ನು ಮುಟ್ಟಿ ನೋಡಿದವರಿಲ್ಲ, ಮುಟ್ಟಿನ ದಿನ ಕೇಳಿದವರೂ ಇಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವಂಥದ್ದೇನೂ ಇಲ್ಲ.

ನಿಜವಾದ ಪರೀಕ್ಷೆ ಶುರುವಾದದ್ದು ತಾಲ್ಲೂಕು ಆಸ್ಪತ್ರೆಯಲ್ಲಿ. ಅಲ್ಲಿದ್ದ ಯುವ ವೈದ್ಯೆ ಮೊದಲು ನಾಡಿ, ಬಿ.ಪಿ., ಜ್ವರ ನೋಡಿದರು. ಕಾಡಿನಂಚಿಗೆ ಹೋಗಿದ್ದಿರಾ, ಮೈಮೇಲೆ ಉಣುಗು ಕಂಡಿತ್ತೇ ಎಂದೂ ಕೇಳಿದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಚಳಿಗಾಲದಿಂದ ಮಳೆ ಹಿಡಿಯುವವರೆಗೆ ನಮ್ಮ ಸೀಮೆಯಲ್ಲಿ ತಲೆಯೆತ್ತುವುದರಿಂದ, ವಾಂತಿಯೆಂದು ಬಂದ ಯಾರನ್ನೂ ಈ ಪ್ರಶ್ನೆ ಕೇಳದೆ ಬಿಡುವುದಿಲ್ಲ. ನನಗೆ ಜ್ವರವಿರಲಿಲ್ಲ, ಮೈಕೈ ನೋವೂ ಇರಲಿಲ್ಲ. ಆ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಅವರು ನಮ್ಮ ಯಜಮಾನರ ಕೈಗೆ ಒಂದು ಚೀಟಿ ಕೊಟ್ಟು ಮೆಡಿಕಲ್ ಅಂಗಡಿಗೆ ಕಳುಹಿಸಿದರು, ಅತ್ತೆಯವರನ್ನು ಹೊರಗಿನ ಬೆಂಚಿನ ಮೇಲೆ ಕೂರಲು ಹೇಳಿ ಪರದೆ ಎಳೆದರು. ಆ ಚೀಟಿಯಲ್ಲಿದ್ದದ್ದು ಆಗಲೇ ಬೇಕಾದ ಔಷಧಿಯೇನಲ್ಲವೆಂದು ನನಗೆ ತಿಳಿದದ್ದು ಆಮೇಲೆ. ಕಡೆಯ ಮುಟ್ಟು ಯಾವಾಗ ಆಯಿತು, ಅದು ಎಂದಿನಂತೆ ಇತ್ತೇ ಅಥವಾ ಬರೀ ಕಲೆಯಾಗಿ ನಿಂತುಹೋಯಿತೇ, ಬಿಳಿಸೆರಗು ಇದೆಯೇ, ವಾಸನೆ ಇದೆಯೇ, ಕಾಪರ್-ಟಿ ಹಾಕಿಸಿದ್ದಿರಾ, ಕೂಡುವಾಗ ನೋವಿರುತ್ತದೆಯೇ, ತಲೆ ಸುತ್ತಿ ಬಿದ್ದದ್ದುಂಟೇ, ಭುಜದ ತುದಿಯಲ್ಲಿ ನೋವಿದೆಯೇ ಎಂದು ಒಂದೊಂದಾಗಿ, ಸದ್ದು ತಗ್ಗಿಸಿ ಕೇಳಿದರು. ಹೊಟ್ಟೆನೋವಿಗೂ ಭುಜಕ್ಕೂ ಏನು ಸಂಬಂಧವೆಂದು ನಾನು ಕೇಳಿದೆ. ಹೊಟ್ಟೆಯೊಳಗೆ ರಕ್ತ ಸೋರಿ ಮೇಲೆ ಹರಿದು, ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯನ್ನು ತಾಗಿದರೆ, ವಪೆಯ ನರವೂ ಭುಜದ ಚರ್ಮದ ನರವೂ ಕುತ್ತಿಗೆಯ ಮಟ್ಟದಲ್ಲಿ ಒಂದೇ ಕಡೆಯಿಂದ ಹೊರಡುವುದರಿಂದ, ನೋವು ಭುಜದಲ್ಲಿ ತೋರುತ್ತದೆ ಎಂದು ವಿವರಿಸಿದರು. ಇಂಥ ಪ್ರಶ್ನೆಗಳಿಗೆ ಅತ್ತೆ, ಗಂಡ, ನಾದಿನಿಯರ ಎದುರು ಸರಿಯಾದ ಉತ್ತರ ಬರುವುದಿಲ್ಲವೆಂಬುದು ಯಾವ ಹೆಂಗಸಿಗೂ ಗೊತ್ತು. ಆ ಪರದೆಯೂ ಆ ಚೀಟಿಯೂ ರೋಗಪತ್ತೆಯ ಉಪಕರಣಗಳೇ ಎಂದು ನಾನು ಈಗ ತಿಳಿದಿದ್ದೇನೆ.

ಮುಂದಿನ ಮಾತು ಮೂತ್ರದಲ್ಲಿ ಗರ್ಭ ಪರೀಕ್ಷೆ ಮಾಡಬೇಕೆಂಬುದು. "ನನಗೆ ಆಪರೇಷನ್ ಆಗಿದೆಯಲ್ಲ ಮೇಡಂ" ಎಂದೆ. "ಅದಕ್ಕೇ ಇನ್ನೂ ಮುಖ್ಯ ಟೀಚರ್" ಎಂದರು. ಆಪರೇಷನ್ ಆದವರಲ್ಲಿ ಗರ್ಭ ನಿಲ್ಲುವುದು ಅಪರೂಪ. ಆದರೆ ನಿಂತರೆ ಅದು ಗರ್ಭಕೋಶದ ಬದಲು ಗರ್ಭನಾಳದಲ್ಲೇ ಸಿಕ್ಕಿಕೊಳ್ಳುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚು. ಸಾಮಾನ್ಯವಾಗಿ ನೂರು ಗರ್ಭಗಳಲ್ಲಿ ಒಂದೋ ಎರಡೋ ಹೀಗೆ ನಾಳದಲ್ಲಿ ಬೆಳೆಯುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಅನುಸರಿಸಿ 1997ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ನಂತರ ಕಂಡುಬಂದ 143 ಗರ್ಭಗಳ ಪೈಕಿ 47 ನಾಳಗರ್ಭಗಳಾಗಿದ್ದವು ಎಂದು ನಾನು ಚೇತರಿಸಿಕೊಳ್ಳುವಾಗ ಓದಿದೆ. ನಾಳ ಒಡೆದರೆ ಹೊಟ್ಟೆಯೊಳಗೆ ಲೀಟರುಗಟ್ಟಲೆ ರಕ್ತ ಸೋರಬಹುದು. ಆದ್ದರಿಂದಲೇ ಹೆರುವ ವಯಸ್ಸಿನ ಯಾವ ಹೆಂಗಸು ಹೊಟ್ಟೆನೋವೆಂದು ಬಂದರೂ, ಆಕೆ ಏನೇ ಹೇಳಲಿ, ಈ ಪರೀಕ್ಷೆಯೇ ಮೊದಲು. ನಮ್ಮ ಊರುಗಳಲ್ಲಿ ಆಪರೇಷನ್ ಆದ ಹೆಂಗಸರೇ ತುಂಬಿರುವುದರಿಂದ ಈ ಒಂದು ಸಂಗತಿಯನ್ನು ನಾನು ಎಲ್ಲಿ ಸಿಕ್ಕರೂ ಹೇಳುತ್ತಿರುತ್ತೇನೆ.

ಆಸ್ಪತ್ರೆಯ ಪಕ್ಕದ ಮಂಚದಲ್ಲಿ ಕಾಲೇಜು ಓದುವ ಹುಡುಗಿಯೊಬ್ಬಳು ಇದೇ ಬಗೆಯ ನೋವಿನಿಂದ ಮಲಗಿದ್ದಳು. ಅವಳಿಗೂ ಅದೇ ಪರೀಕ್ಷೆ ಬರೆದಾಗ ಅವಳ ತಾಯಿ, "ಮದುವೆಯಾಗದ ಮಗುವಿಗೆ ಇದೆಂಥ ಪರೀಕ್ಷೆ" ಎಂದು ಸಿಟ್ಟಾದರು. ವೈದ್ಯೆ ದನಿಯೇರಿಸಲಿಲ್ಲ. "ಎಲ್ಲರಿಗೂ ಮಾಡ್ತೇವಮ್ಮ, ಈಗ ಈ ಟೀಚರಿಗೂ ಮಾಡಿದ್ದೇವೆ, ಇದರಲ್ಲಿ ಯಾರ ಮೇಲೂ ಅನುಮಾನ ಇಲ್ಲ" ಎಂದಷ್ಟೇ ಹೇಳಿ ಡಬ್ಬಿಯನ್ನು ಹುಡುಗಿಯ ಕೈಗೇ ಕೊಟ್ಟರು. ನಿಯಮವೆಂದು ಎಲ್ಲರಿಗೂ ಒಂದೇ ಸಮನಾಗಿ ಮಾಡಿದಾಗ ಅವಮಾನದ ಮಾತು ತಾನಾಗಿ ಬಿದ್ದುಹೋಗುತ್ತದೆ. ಆರಿಸಿ ಆರಿಸಿ ಕೇಳಿದರೆ ಮಾತ್ರ ಅದು ಅನುಮಾನವಾಗುತ್ತದೆ. ನನ್ನ ಪಟ್ಟಿಯ ಮೇಲೆ ಮೂರು ಹನಿ ಬಿಟ್ಟ ಮೇಲೆ ಒಂದೇ ಗೆರೆ ಮೂಡಿತು. ಗರ್ಭವಿಲ್ಲ. ಆದರೂ ಮೂತ್ರ ತೆಳುವಾಗಿದ್ದರೆ ಪಟ್ಟಿ ತಪ್ಪಬಹುದೆಂದು ಗರ್ಭ ನಿಂತಾಗ ಏರುವ, ಪಟ್ಟಿ ಹುಡುಕುವ ಅದೇ ಹಾರ್ಮೋನಿಗೆ ರಕ್ತದಲ್ಲಿಯೂ ಪರೀಕ್ಷೆ ಬರೆದರು.

ಅಲ್ಲಿಂದ ಮುಂದಿನ ಅನುಮಾನ ಅಪೆಂಡಿಕ್ಸ್. ಸೊಂಟದ ಎಲುಬಿನ ಮುಂತುದಿಯಿಂದ ಹೊಕ್ಕುಳಿಗೆ ಗೆರೆ ಎಳೆದರೆ, ಎಲುಬಿನ ಕಡೆಯಿಂದ ಮೂರನೆಯ ಒಂದು ಭಾಗದಲ್ಲಿ ಬರುವ ಜಾಗವನ್ನು ಅವರು ಮೆಲ್ಲಗೆ ಒತ್ತಿದರು. 1889ರಲ್ಲಿ ಅದನ್ನು ವಿವರಿಸಿದ ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ಮೆಕ್‌ಬರ್ನಿಯ ಹೆಸರೇ ಆ ಬಿಂದುವಿಗೆ ಇದೆ. ಅಲ್ಲಿ ನೋಯಿತು, ಆದರೆ ಅದಕ್ಕಿಂತ ಎರಡು ಬೆರಳು ಕೆಳಗೆ ಒತ್ತಿದಾಗ ಇನ್ನೂ ಹೆಚ್ಚು ನೋಯಿತು. ಜೋರಾಗಿ ಕೆಮ್ಮಲು ಹೇಳಿದರು. ಕೆಮ್ಮಿದರೆ ನೋವು ಹೆಚ್ಚಲಿಲ್ಲ. ಹೊಟ್ಟೆಯ ಒಳಪೊರೆಗೆ ಉರಿಯೂತ ತಗುಲಿದವರಿಗೆ ಕೆಮ್ಮುವುದೂ ಅಲುಗುವುದೂ ಹಿಂಸೆಯಾಗಿ ಅವರು ಮುದುಡಿ ಅಲ್ಲಾಡದೆ ಮಲಗುತ್ತಾರೆ. ನಾನು ಒಂದು ಕಡೆ ಮಲಗಲಾರದೆ ಮಗ್ಗುಲು ಬದಲಿಸುತ್ತಲೇ ಇದ್ದೆ. ಹಾಗೆ ಹೊರಳಾಡಿಸುವುದು ಮೂತ್ರಪಿಂಡದ ಕಲ್ಲೂ ಹೌದು. ಆದರೆ ಆ ನೋವು ಬೆನ್ನಿನ ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತದೆ, ಮೂತ್ರದಲ್ಲಿ ಹೆಚ್ಚಾಗಿ ರಕ್ತಕಣ ಸಿಗುತ್ತದೆ. ನನ್ನ ಮೂತ್ರದಲ್ಲಿ ಏನೂ ಸಿಗಲಿಲ್ಲ. ರಕ್ತದ ಬಿಳಿಕಣಗಳು ತುಸು ಏರಿದ್ದವು. ವಾಂತಿಯಿಂದಲೂ ನೋವಿನಿಂದಲೂ ಅಷ್ಟು ಏರಬಹುದಾದ್ದರಿಂದ ಅದರಿಂದ ಯಾವ ತೀರ್ಮಾನಕ್ಕೂ ಬರುವ ಹಾಗಿರಲಿಲ್ಲ.

ನೋವಿಗೆ ಇಂಜೆಕ್ಷನ್ ಕೊಡುವ ಮೊದಲು ನಮ್ಮವರು, ನೋವು ಮುಚ್ಚಿಹೋದರೆ ಕಾಯಿಲೆ ಗೊತ್ತಾಗುವುದು ಹೇಗೆಂದು ಅಂಜುತ್ತಾ ಕೇಳಿದರು. ಹಿಂದೆ ವೈದ್ಯರಿಗೂ ಹಾಗೆಯೇ ಕಲಿಸುತ್ತಿದ್ದರಂತೆ. ನೋವು ತಗ್ಗಿದ ರೋಗಿಯ ಹೊಟ್ಟೆಯನ್ನು ಇನ್ನೂ ಚೆನ್ನಾಗಿ ಪರೀಕ್ಷಿಸಬಹುದು, ರೋಗಪತ್ತೆ ಅದರಿಂದ ಕೆಡುವುದಿಲ್ಲ ಎಂದು ನಂತರದ ಪ್ರಯೋಗಗಳು ತೋರಿಸಿವೆ. ಇಂಜೆಕ್ಷನ್ ಬಿದ್ದ ಮೇಲೆಯೇ ನಾನು ನೆಟ್ಟಗೆ ಉತ್ತರ ಹೇಳುವ ಸ್ಥಿತಿಗೆ ಬಂದೆ.

ಸ್ಕ್ಯಾನಿಗೆ ಹೋದದ್ದು ಪೇಟೆಯ ಒಂದು ಕೇಂದ್ರಕ್ಕೆ. ಭ್ರೂಣಲಿಂಗ ಪತ್ತೆ ಮಾಡುವುದಿಲ್ಲವೆಂದು 1994ರ ಕಾಯ್ದೆಯ ಪ್ರಕಾರ ತೂಗುಹಾಕಿದ ಬೋರ್ಡಿನ ಕೆಳಗೆ ಕೂತು, ವಾಂತಿ ಬರುವ ಹೊಟ್ಟೆಗೆ ಲೋಟದ ಮೇಲೆ ಲೋಟ ನೀರು ಕುಡಿದು ಮೂತ್ರ ಕಟ್ಟಿಕೊಂಡೆ. ಮೂತ್ರಕೋಶ ತುಂಬಿದರೆ ಕರುಳು ಪಕ್ಕಕ್ಕೆ ಸರಿದು ಗರ್ಭಕೋಶವೂ ಅಂಡಾಶಯಗಳೂ ಕಾಣುತ್ತವೆ. ವರದಿಯಲ್ಲಿ ಎರಡು ಸಾಲು ಮುಖ್ಯವಾಗಿದ್ದವು: ಬಲ ಅಂಡಾಶಯದಲ್ಲಿ 7 ಸೆಂ.ಮೀ. ಅಳತೆಯ ಡರ್ಮಾಯ್ಡ್ ಗಡ್ಡೆ ಇದೆ; ಅಂಡಾಶಯದಲ್ಲಿ ರಕ್ತಸಂಚಾರ ಕಾಣುತ್ತಿದೆ. ಅಪೆಂಡಿಕ್ಸ್ ಕಾಣಲಿಲ್ಲವೆಂದೂ ಬರೆದಿತ್ತು. ಕಾಣಲಿಲ್ಲವೆಂದರೆ ಅದು ಸರಿಯಿದೆ ಎಂದಲ್ಲ, ಗ್ಯಾಸು ತುಂಬಿದ ಕರುಳಿನ ಹಿಂದೆ ಅದು ಎಷ್ಟೋ ಸಲ ಅಡಗಿರುತ್ತದೆ. ವರದಿಯನ್ನು ಕೈಗೆ ಕೊಟ್ಟವರು, ರಕ್ತಸಂಚಾರ ಚೆನ್ನಾಗಿದೆಯಾದ್ದರಿಂದ ಹೆದರಬೇಕಿಲ್ಲ, ಗಡ್ಡೆಯನ್ನು ಬಿಡುವಾದಾಗ ತೆಗೆಸಿಕೊಳ್ಳಿ ಎಂದರು.

ತಾಲ್ಲೂಕು ಆಸ್ಪತ್ರೆಯ ವೈದ್ಯೆ ಅದನ್ನು ಒಪ್ಪಲಿಲ್ಲ. ವರದಿಯನ್ನು ಓದಿ ಮಡಿಸಿಟ್ಟು, ಇದಕ್ಕೆ ಮುಂಚೆ ಇಂಥದೇ ನೋವು ಬಂದು ತಾನಾಗಿ ಹೋದದ್ದುಂಟೇ ಎಂದು ಕೇಳಿದರು. ಇತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ರಾತ್ರಿ, ದೀಪಾವಳಿಯ ಕೆಲಸದ ನಡುವೆ ಮತ್ತೊಮ್ಮೆ, ಇದೇ ಜಾಗದಲ್ಲಿ ಹಿಡಿದು, ಗಂಟೆಯೊಳಗೆ ಬಿಟ್ಟುಹೋಗಿತ್ತು. ನಾನು ಇದನ್ನು ಹೇಳುತ್ತಿದ್ದಂತೆ ಅವರು ಶಿವಮೊಗ್ಗಕ್ಕೆ ಬರೆಯುವ ಪತ್ರವನ್ನು ತೆಗೆದುಕೊಂಡರು. ಆ ಪತ್ರದ ಮೇಲ್ಭಾಗದಲ್ಲಿ ಅಪೆಂಡಿಕ್ಸ್ ಎಂಬ ಮಾತಿಗೆ ಮುಂಚೆ ಅಂಡಾಶಯ ತಿರುಚಿರುವ ಶಂಕೆ ಎಂದು ಬರೆದು ಅಡಿಗೆರೆ ಎಳೆದದ್ದನ್ನು ನಾನು ನೋಡಿದೆ. ಇಡೀ ದಿನದಲ್ಲಿ ಯಂತ್ರಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಈ ಒಂದು ಪ್ರಶ್ನೆ ಎಂದು ನನ್ನ ತೀರ್ಮಾನ.

ಆಂಬುಲೆನ್ಸಿನ ಡ್ರೈವರು, "ಮೆಗ್ಗಾನಿಗೋ ಪ್ರೈವೇಟಿಗೋ" ಎಂದು ಕೇಳಿಕೊಂಡು ಹೊರಟರು. ಮೆಗ್ಗಾನ್ ಎಂದರೆ ಶಿವಮೊಗ್ಗದ ಸರ್ಕಾರಿ ಆಸ್ಪತ್ರೆ. ತೀರ್ಥಹಳ್ಳಿಯಿಂದ ಮಂಡಗದ್ದೆ, ಸಕ್ರೆಬೈಲು, ಗಾಜನೂರು ಹಾದು ಶಿವಮೊಗ್ಗಕ್ಕೆ 60 ಕಿ.ಮೀ. ಆಸುಪಾಸಿನ ದಾರಿ. ಹಂಪ್ ಬಂದಲ್ಲೆಲ್ಲ ನಮ್ಮವರು ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ಆದರೆ ನೋವು ಹಂಪಿನ ಲೆಕ್ಕಕ್ಕೆ ಸಿಗದೆ ತನ್ನದೇ ಅಲೆಗಳಲ್ಲಿ ಬಂದು ಹೋಗುತ್ತಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು ಕೇಳಿದ ಮೊದಲ ಪ್ರಶ್ನೆಯೇ ದಾರಿಯ ಹಂಪುಗಳಲ್ಲಿ ನೋವು ಹೆಚ್ಚಿತೇ ಎಂಬುದು. ತಮಾಷೆಯೆಂದುಕೊಂಡೆ. ಇಂಗ್ಲೆಂಡಿನ ವೈದ್ಯರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಹಂಪುಗಳ ಮೇಲೆ ಹಾದುಬಂದು ಕಡೆಗೆ ಅಪೆಂಡಿಸೈಟಿಸ್ ಖಚಿತವಾದ 34 ಮಂದಿಯಲ್ಲಿ 33 ಮಂದಿಗೆ ಹಂಪಿನಲ್ಲಿ ನೋವು ಹೆಚ್ಚಿತ್ತಂತೆ. ಹಂಪಿನಲ್ಲಿ ನೋಯಿತೆಂದ ಮಾತ್ರಕ್ಕೆ ಅಪೆಂಡಿಕ್ಸ್ ಎನ್ನಲಾಗದು. ನೋಯಲಿಲ್ಲವೆಂದರೆ ಅದರ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ.

ಅವರು ಸ್ತ್ರೀರೋಗ ತಜ್ಞೆಯನ್ನು ಕರೆಸಿದರು. ನರ್ಸ್ ಪಕ್ಕದಲ್ಲಿ ನಿಂತಿರುವಾಗ, ಏನು ಮಾಡುತ್ತೇವೆಂದು ಮೊದಲೇ ಹೇಳಿ, ನನ್ನ ಒಪ್ಪಿಗೆ ಕೇಳಿ ಒಳಪರೀಕ್ಷೆ ಮಾಡಿದರು. ಗರ್ಭಕೋಶದ ಕಂಠವನ್ನು ಅಲುಗಿಸಿದಾಗ ತಡೆಯಲಾರದಷ್ಟು ನೋವಾದರೆ ಸಾಮಾನ್ಯವಾಗಿ ನಾಳಗಳ ಸೋಂಕಿನ ಕಡೆಗೆ ಕೈತೋರಿಸುತ್ತದೆ. ನನಗೆ ಹಾಗಾಗಲಿಲ್ಲ, ಬಲಗಡೆಯ ಗಡ್ಡೆ ಕೈಗೆ ತಾಗಿದಾಗ ಮಾತ್ರ ಜೀವ ಹಿಂಡಿತು. ಒಳಗಿನಿಂದ ಮಾಡುವ ಸ್ಕ್ಯಾನಿಗೆ ಮೂತ್ರ ಕಟ್ಟಿಕೊಳ್ಳುವ ಶಿಕ್ಷೆಯಿಲ್ಲವೆಂಬುದೇ ಆಗ ನನಗೆ ದೊಡ್ಡ ಸಮಾಧಾನವಾಗಿತ್ತು. ಪರದೆಯ ಮೇಲೆ ಅಂಡಾಶಯದ ಬುಡದಲ್ಲಿ ಸುಳಿಯಂತೆ ಸುತ್ತಿಕೊಂಡ ರಕ್ತನಾಳಗಳನ್ನು ಅವರು ನನಗೂ ತೋರಿಸಿದರು.

ರಕ್ತಸಂಚಾರ ಇದೆಯೆಂದು ಮೊದಲ ವರದಿ ಹೇಳಿತ್ತಲ್ಲ ಎಂದು ನಮ್ಮವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಅಂಡಾಶಯಕ್ಕೆ ರಕ್ತ ಎರಡು ಕಡೆಯಿಂದ ಬರುತ್ತದೆ, ಮಹಾಧಮನಿಯಿಂದ ನೇರವಾಗಿ ಇಳಿಯುವ ಒಂದು ನಾಳದಿಂದ, ಗರ್ಭಕೋಶದ ಧಮನಿಯ ಕವಲಿನಿಂದ ಇನ್ನೊಂದು. ಬಾವಿಯ ಹಗ್ಗ ಹುರಿಗೊಂಡ ಹಾಗೆ ಅಂಡಾಶಯ ತನ್ನ ಕಟ್ಟಿನ ಮೇಲೆ ತಿರುಚಿಕೊಂಡಾಗ ಮೊದಲು ಮುಚ್ಚುವುದು ತೆಳುಗೋಡೆಯ ಅಭಿಧಮನಿಗಳು. ಒಳಕ್ಕೆ ರಕ್ತ ಹರಿಯುತ್ತಲೇ ಇರುತ್ತದೆ, ಹೊರಗೆ ಬರಲು ದಾರಿಯಿರುವುದಿಲ್ಲ, ಅಂಡಾಶಯ ಊದಿಕೊಳ್ಳುತ್ತದೆ. ಕೆಲವೊಮ್ಮೆ ಅದು ತಿರುಚಿ ಬಿಚ್ಚಿಕೊಂಡು ಮತ್ತೆ ತಿರುಚುತ್ತದೆ, ಬಿಚ್ಚಿಕೊಂಡ ಹೊತ್ತಿನಲ್ಲಿ ಸ್ಕ್ಯಾನ್ ಮಾಡಿದರೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದ್ದರಿಂದ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತಸಂಚಾರ ಕಾಣದಿದ್ದರೆ ಅದು ಬಲವಾದ ಸಾಕ್ಷಿ, ಕಂಡರೆ ಅದರಿಂದ ನಿಶ್ಚಿಂತೆಯಿಲ್ಲ. ಗಡ್ಡೆ 5 ಸೆಂ.ಮೀ. ದಾಟಿದ ಮೇಲೆ ತಿರುಚುವ ಸಂಭವ ಹೆಚ್ಚುತ್ತದೆ. ಎಡಗಡೆಯಲ್ಲಿ ದೊಡ್ಡ ಕರುಳಿನ ಮಡಿಕೆ ಜಾಗ ತುಂಬಿಕೊಂಡಿರುವುದರಿಂದ ಬಲಗಡೆಯದೇ ಹೆಚ್ಚಾಗಿ ತಿರುಚುತ್ತದೆ. ಅಪೆಂಡಿಕ್ಸ್ ಕೂಡ ಅಲ್ಲಿಯೇ ಇರುವುದು ಹೆಂಗಸರ ಗ್ರಹಚಾರ.

ಖಚಿತವಾಗಬೇಕಾದರೆ ಒಳಗೆ ನೋಡಲೇಬೇಕು, ನಾಳೆಯವರೆಗೆ ಕಾಯುವಂತಿಲ್ಲ ಎಂದು ತಜ್ಞೆ ಹೇಳಿದರು. ಒಪ್ಪಿಗೆಯ ಕಾಗದವನ್ನು ಸಿಬ್ಬಂದಿಯೊಬ್ಬರು ಅಭ್ಯಾಸಬಲದಿಂದ ನಮ್ಮ ಯಜಮಾನರ ಮುಂದೆ ಹಿಡಿದರು. ತಜ್ಞೆ ಅದನ್ನು ತೆಗೆದು ನನ್ನ ಎದೆಯ ಮೇಲೆ ರಟ್ಟಿನ ಸಮೇತ ಇಟ್ಟು, ಅಂಡಾಶಯ ಉಳಿಯದಿದ್ದರೆ ತೆಗೆಯಬೇಕಾದೀತು, ಅಪೆಂಡಿಕ್ಸ್ ಬಾತಿದ್ದರೆ ಅದನ್ನೂ ತೆಗೆಯುತ್ತೇವೆ, ಕ್ಯಾಮೆರಾದಿಂದ ಆಗದಿದ್ದರೆ ಹೊಟ್ಟೆ ತೆರೆಯಬೇಕಾದೀತು ಎಂದು ಬಿಡಿಸಿ ಹೇಳಿದ ಮೇಲೆ ನಾನು ಸಹಿ ಹಾಕಿದೆ.

ಮರುದಿನ ಅವರು ಮೊಬೈಲಿನಲ್ಲಿ ತೋರಿಸಿದ ಚಿತ್ರಗಳಲ್ಲಿ ನನ್ನ ಬಲ ಅಂಡಾಶಯ ನೇರಳೆ ಹಣ್ಣಿನ ಬಣ್ಣದ್ದಾಗಿತ್ತು. ಎರಡು ಸುತ್ತು ತಿರುಚಿತ್ತು. ಹಿಂದೆ ಇಷ್ಟು ಕಪ್ಪಾದದ್ದನ್ನು ಕಂಡರೆ, ಬಿಚ್ಚಿದರೆ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದೀತೆಂಬ ಅಂಜಿಕೆಯಿಂದ, ಬುಡಸಮೇತ ತೆಗೆದುಬಿಡುತ್ತಿದ್ದರು. ಆ ಅಂಜಿಕೆಗೆ ಆಧಾರವಿಲ್ಲವೆಂದೂ, ಕಪ್ಪಾದ ಅಂಡಾಶಯಗಳೂ ಬಹುಪಾಲು ಚೇತರಿಸಿಕೊಳ್ಳುತ್ತವೆಂದೂ ಈಗ ತಿಳಿದಿದೆ. ನನ್ನದನ್ನು ಬಿಚ್ಚಿ, ಬಣ್ಣ ತಿರುಗುವುದನ್ನು ಕಾದು, ಗಡ್ಡೆಯನ್ನು ಮಾತ್ರ ಬಿಡಿಸಿ ತೆಗೆದಿದ್ದರು. ಅದರೊಳಗೆ ಕೊಬ್ಬೂ ಕೂದಲೂ ಇತ್ತು. ಇದನ್ನು ಕೇಳಿದ ಅತ್ತೆಯವರು ಮಾಟವೇ ಇರಬೇಕೆಂದು ಗಾಬರಿಯಾದರು. ಅಂಡಾಣುವಾಗಬೇಕಾದ ಕೋಶ ತಾನಾಗಿ ಬೆಳೆದು ಚರ್ಮ, ಕೂದಲು, ಒಮ್ಮೊಮ್ಮೆ ಹಲ್ಲನ್ನೂ ಕಟ್ಟಿಕೊಳ್ಳುವುದುಂಟೆಂದು ತಜ್ಞೆ ಅವರನ್ನು ಕೂರಿಸಿಕೊಂಡು ವಿವರಿಸಿದರು. ಇಂಥ ಗಡ್ಡೆ ಕ್ಯಾನ್ಸರಿಗೆ ತಿರುಗುವುದು ನೂರಕ್ಕೆ ಒಂದೆರಡು ಮಾತ್ರ. ಬಯಾಪ್ಸಿ ವರದಿ ಬರುವವರೆಗೆ ಆ ಒಂದೆರಡು ನನ್ನ ತಲೆಯಲ್ಲಿ ಕೂತಿತ್ತು. ವರದಿಯಲ್ಲಿ ಅಂಥದ್ದೇನೂ ಇರಲಿಲ್ಲ. ನೂರರಲ್ಲಿ ಹತ್ತು ಹದಿನೈದು ಹೆಂಗಸರಿಗೆ ಇನ್ನೊಂದು ಅಂಡಾಶಯದಲ್ಲಿಯೂ ಇದು ಬೆಳೆಯುವುದರಿಂದ ಮುಂದೆಯೂ ಸ್ಕ್ಯಾನ್ ಮಾಡಿಸಿಕೊಳ್ಳಬೇಕಾಗಿದೆ. ಅದೇ ಚಿತ್ರಗಳಲ್ಲಿ ಎರಡೂ ಗರ್ಭನಾಳಗಳ ಮೇಲೆ ಸಂತಾನಹರಣ ಶಿಬಿರದಲ್ಲಿ ತೊಡಿಸಿದ ಪುಟ್ಟ ಉಂಗುರಗಳು ಇದ್ದ ಜಾಗದಲ್ಲೇ ಇದ್ದವು.

ಮನೆಗೆ ಹೊರಡುವ ದಿನ ಡಿಸ್ಚಾರ್ಜ್ ಚೀಟಿಯನ್ನು ಓದಿ ನಾನು ಒಂದು ಸಾಲು ಸೇರಿಸಿಕೊಡಿ ಎಂದು ಕೇಳಿದೆ. ಹೊಟ್ಟೆಯ ಮೇಲೆ ಮೂರು ಗಾಯದ ಗುರುತು ಇರುವವಳು ಇನ್ನೊಮ್ಮೆ ಬಲಗಡೆ ನೋವೆಂದು ಬೇರೆ ಯಾವುದೋ ಆಸ್ಪತ್ರೆಗೆ ಹೋದರೆ, ಇವಳ ಅಪೆಂಡಿಕ್ಸ್ ಆಗಲೇ ತೆಗೆದಿದ್ದಾರೆಂದು ಅಲ್ಲಿಯವರು ತಿಳಿಯುವ ಸಂಭವವಿದೆಯಲ್ಲ ಎಂಬುದು ನನ್ನ ಆತಂಕವಾಗಿತ್ತು. ತಜ್ಞೆ ನಕ್ಕು, ಕೇಳಿದ್ದು ಒಳ್ಳೆಯದಾಯಿತೆಂದು ಹೇಳಿ, ಅಪೆಂಡಿಕ್ಸನ್ನು ನೋಡಲಾಗಿದೆ, ಅದು ಸಹಜವಾಗಿದೆ, ತೆಗೆದಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದು ಮೊಹರು ಹಾಕಿಕೊಟ್ಟರು.